ಟ್ಯೂಷನ್‌ಗೆ ಹಾಕುವ ಮೊದಲು, ಹಾಕಿದ ಮೇಲೆ: ಉಪಯೋಗ ಆಗ್ತಿದೆಯಾ ಅಂತ ನೋಡುವುದು ಹೇಗೆ?

ಜೂನ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ: "ಸಾರ್, ಹುಡುಗನ್ನ ಟ್ಯೂಷನ್‌ಗೆ ಹಾಕ್ಬೇಕೇನ್ರಿ?" ದಸರಾ ಹೊತ್ತಿಗೆ ಅದೇ ಜನ ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಹಾಕಿದೀವಲ್ರಿ, ಆದ್ರೂ ಮಾರ್ಕ್ಸ್ ಯಾಕ್ ಬರ್ತಿಲ್ಲ?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು, ಹಾಗಾಗಿ ಉದಾಹರಣೆಗಳೂ ಗಣಿತದ ಕಡೆಗೇ ವಾಲುತ್ತವೆ. ಐದರಿಂದ ಹತ್ತನೇ ಕ್ಲಾಸಿನ ಮಕ್ಕಳಿರುವ ಮನೆಯವರಿಗೆ ಇದು ಹೆಚ್ಚು ಉಪಯೋಗ.

ಬೇಕಾಗುವ ಸಾಮಾನು: ಮಗುವಿನ ಹಿಂದಿನ ಪರೀಕ್ಷೆಗಳ ಉತ್ತರ ಪತ್ರಿಕೆ, ಹಿಂದಿನ ಎರಡು ವರ್ಷದ ಪಠ್ಯಪುಸ್ತಕ, ಒಂದು ನೋಟ್‌ಬುಕ್, ಒಂದು ಭಾನುವಾರ ಬೆಳಿಗ್ಗೆ.

ಮೊದಲು ಒಂದು ಮಾತು: ಟ್ಯೂಷನ್‌ನಿಂದ ನಿಜವಾಗಿ ಎಷ್ಟು ಲಾಭ?

ಇದರ ಬಗ್ಗೆ ಸಂಶೋಧನೆ ಬಹಳ ಆಗಿದೆ. 1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣ ತಜ್ಞರು ಒಂದು ಲೆಕ್ಕ ಮುಂದಿಟ್ಟರು. ಒಬ್ಬರಿಗೆ ಒಬ್ಬರು ಕೂತು ಹೇಳಿಕೊಟ್ಟರೆ, 100 ಮಕ್ಕಳ ಸಾಲಿನಲ್ಲಿ 50ನೇ ಜಾಗದಲ್ಲಿರುವ ಮಗು 2ನೇ ಜಾಗಕ್ಕೆ ಬರುತ್ತದೆ ಎಂದು. ಕೋಚಿಂಗ್ ಜಾಹೀರಾತು ಬರೆಯುವವರಿಗೆ ಇಷ್ಟವಾಗುವಂಥ ಲೆಕ್ಕ. ಆದರೆ ಆಮೇಲೆ ನಡೆದ ಅಧ್ಯಯನಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ. 2020ರಲ್ಲಿ ಮೂವರು ಸಂಶೋಧಕರು 96 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಸರಾಸರಿ ಲಾಭ 0.37 ಮಾನಕ ವಿಚಲನೆ ಬಂತು. ಮಾನಕ ವಿಚಲನೆ ಅಂದರೆ ಒಂದು ಗುಂಪಿನ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ 50ನೇ ಜಾಗದ ಮಗು ಸುಮಾರು 36ನೇ ಜಾಗಕ್ಕೆ ಬರುತ್ತದೆ. ಇದು ಸಣ್ಣ ಲಾಭವೇನಲ್ಲ. ಪವಾಡವೂ ಅಲ್ಲ.

ಇಲ್ಲೊಂದು ಕೊಕ್ಕೆ ಇದೆ. ಆ ಪ್ರಯೋಗಗಳಲ್ಲಿದ್ದ ಟ್ಯೂಷನ್ ಬಹುಪಾಲು ಒಬ್ಬರಿಗೆ ಒಬ್ಬರು, ಇಲ್ಲವೇ ಬೆರಳೆಣಿಕೆಯ ಮಕ್ಕಳಿಗೆ. ನಮ್ಮ ದಾವಣಗೆರೆಯ ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್, ಪಿ.ಜೆ. ಬಡಾವಣೆಯಲ್ಲಿ ಬೋರ್ಡು ನೋಡಿ ನಾವು ಸೇರಿಸುವ 30–40 ಮಕ್ಕಳ ಬ್ಯಾಚ್ ಅದಲ್ಲ. ಹೆಸರು ಒಂದೇ, ಸರಕು ಬೇರೆ. ಆ ಸರಕಿನ ಲಾಭವನ್ನು ಈ ಸರಕಿನಿಂದ ನಿರೀಕ್ಷಿಸಿದರೆ ನಿರಾಸೆ ಗ್ಯಾರಂಟಿ.

"ಟ್ಯೂಷನ್‌ಗೆ ಹೋಗುವ ಮಕ್ಕಳೇ ಜಾಸ್ತಿ ಅಂಕ ತೆಗೀತಾರೆ, ನಾವೇ ನೋಡಿದ್ದೀವಲ್ಲ" ಎನ್ನಬಹುದು. ಟ್ಯೂಷನ್ ಫೀಸು ಕಟ್ಟುವ ಮನೆಯಲ್ಲಿ ಓದಿದ ತಂದೆ ತಾಯಿ, ಓದಲು ಒಂದು ಕೋಣೆ, ಒಳ್ಳೆ ಶಾಲೆ ಎಲ್ಲವೂ ಇರುವ ಸಾಧ್ಯತೆ ಹೆಚ್ಚು. ಅಂಕ ಯಾವುದರಿಂದ ಬಂತು ಎಂದು ಹೇಗೆ ಹೇಳುತ್ತೀರಿ? 2025ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ದೇಶದ ಶೇ 27ರಷ್ಟು ವಿದ್ಯಾರ್ಥಿಗಳು ಟ್ಯೂಷನ್ ಇಲ್ಲವೇ ಕೋಚಿಂಗ್‌ಗೆ ಹೋಗುತ್ತಿದ್ದರು. ಅವರಲ್ಲಿ ಎಷ್ಟೋ ಮನೆಗಳು ಪಕ್ಕದ ಮನೆ ನೋಡಿ ಸೇರಿಸಿದಂಥವು ಎಂಬುದು ನನ್ನ ಅನುಮಾನ.

ಹಂತ 1: ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹುಡುಕಿ

ಈ ಹಂತವನ್ನು ದಾಟಿ ಹೋಗಬೇಡಿ. ಬಾಕಿ ಎಲ್ಲ ಇದರ ಮೇಲೆ ನಿಂತಿದೆ.

ಹಿಂದಿನ ಉತ್ತರ ಪತ್ರಿಕೆ ತೆಗೆದುಕೊಂಡು ಮಗುವಿನ ಜೊತೆ ಕೂತುಕೊಳ್ಳಿ. ಬೈಯಬೇಡಿ, ಸುಮ್ನೆ ಕೇಳಿ. ಅಂಕ ಹೋದ ಪ್ರತಿ ಪ್ರಶ್ನೆಯ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ:

ಗೊ – ಗೊತ್ತೇ ಇರಲಿಲ್ಲ.
ಮ – ಓದಿದ್ದೆ, ಮರೆತುಹೋಯಿತು.
ತ – ಗೊತ್ತಿತ್ತು, ತಪ್ಪು ಮಾಡಿದೆ ಅಥವಾ ಟೈಮ್ ಸಾಲಲಿಲ್ಲ.

'ಮ' ಜಾಸ್ತಿ ಇದ್ದರೆ ಬೇಕಾಗಿರುವುದು ಪುನರಾವರ್ತನೆ. ಅದೂ ಪುಸ್ತಕ ತೆರೆದು ಮತ್ತೆ ಮತ್ತೆ ಓದುವುದಲ್ಲ, ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು. 'ತ' ಜಾಸ್ತಿ ಇದ್ದರೆ ಗಡಿಯಾರ ಇಟ್ಟುಕೊಂಡು ಹಳೆ ಪ್ರಶ್ನೆಪತ್ರಿಕೆ ಬಿಡಿಸುವ ಅಭ್ಯಾಸ ಸಾಕು. ಈ ಎರಡಕ್ಕೂ ಟ್ಯೂಷನ್ ಬೇಕಿಲ್ಲ, ಮನೆಯಲ್ಲೇ ಆಗುತ್ತದೆ. 'ಗೊ' ಜಾಸ್ತಿ ಇದ್ದರೆ ಮಾತ್ರ ಮುಂದಕ್ಕೆ ಓದಿ.

ಗೊತ್ತಿಲ್ಲದ್ದು ಎಂದಿನಿಂದ ಗೊತ್ತಿಲ್ಲ? ಎಂಟು ಅಥವಾ ಒಂಬತ್ತನೇ ಕ್ಲಾಸಿನ ಮಗುವಿಗೆ ಈ ಐದು ಲೆಕ್ಕ ಕೊಟ್ಟು ನೋಡಿ. ಕ್ಯಾಲ್ಕುಲೇಟರ್ ಬೇಡ.

7236 ÷ 9
3/4 + 1/6
7 − (−5)
40ರ ಶೇ 15 ಎಷ್ಟು?
3x − 4 = 11 ಆದರೆ x ಎಷ್ಟು?

ಉತ್ತರ: 804, 11/12, 12, 6, 5. ಅಂಕ ಕೊಡುವುದಕ್ಕಿಂತ ತಪ್ಪು ಉತ್ತರ ನೋಡುವುದು ಮುಖ್ಯ. ಮೊದಲನೆಯದಕ್ಕೆ 84 ಬಂದರೆ ಭಾಗಾಕಾರದಲ್ಲಿ ಸೊನ್ನೆಯ ಜಾಗ ತಿಳಿದಿಲ್ಲ. ಎರಡನೆಯದಕ್ಕೆ 4/10 ಬಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ಅಂದರೆ ಭಿನ್ನರಾಶಿ ಏನೆಂದೇ ತಲೆಗೆ ಹೋಗಿಲ್ಲ. ಇಂಥ ಮಗುವನ್ನು ಒಂಬತ್ತನೇ ಕ್ಲಾಸಿನ ಪೋರ್ಷನ್ ಓಡಿಸುವ ಬ್ಯಾಚಿಗೆ ಹಾಕಿದರೆ ಶಾಲೆಯಲ್ಲಿ ಅರ್ಥವಾಗದ್ದನ್ನೇ ಸಂಜೆ ಎರಡನೇ ಸಲ ಅರ್ಥವಾಗದೆ ಕೇಳಿಸಿಕೊಂಡು ಬರುತ್ತದೆ. ನಮ್ಮಲ್ಲಿ ಟ್ಯೂಷನ್ ಕೈಕೊಡುವ ದೊಡ್ಡ ಕಾರಣ ಇದೇ. ಮೇಷ್ಟ್ರು ಚೆನ್ನಾಗಿಯೇ ಹೇಳಿಕೊಡುತ್ತಿರಬಹುದು. ಗುಂಡಿ ಇರುವುದು ಐದನೇ ಕ್ಲಾಸಿನಲ್ಲಿ, ಅವರು ಮಣ್ಣು ಹಾಕುತ್ತಿರುವುದು ಒಂಬತ್ತನೇ ಕ್ಲಾಸಿನಲ್ಲಿ.

ಇನ್ನೊಂದು ಪರೀಕ್ಷೆ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ. ವಿಜ್ಞಾನ ಪುಸ್ತಕದ ಒಂದು ಪ್ಯಾರಾ ಜೋರಾಗಿ ಓದಿಸಿ. ಓದಿದ ಮೇಲೆ "ಏನಂತೆ, ಕನ್ನಡದಲ್ಲಿ ಹೇಳು" ಎನ್ನಿ. ಮನೆಯಲ್ಲಿ ಆಡುವ ಭಾಷೆ ಉರ್ದುವೋ ಲಂಬಾಣಿಯೋ ಆಗಿದ್ದರೆ ಅದರಲ್ಲೇ ಹೇಳಲಿ. ಸರಾಗವಾಗಿ ಓದಿ, ಅರ್ಥ ಹೇಳಲು ಬಾರದ ಮಕ್ಕಳು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಬೇಕಿರುವುದು ಸೈನ್ಸ್ ಟ್ಯೂಷನ್ ಅಲ್ಲ, ದಿನಕ್ಕೆ ಒಂದು ಪುಟ ಅರ್ಥ ಮಾಡಿಕೊಂಡು ಓದಿಸುವವರು.

ಎಚ್ಚರಿಕೆ: ಇದನ್ನು ಮಾಡುವಾಗ ಅಣ್ಣ, ತಂಗಿ, ನೆಂಟರು ಸುತ್ತ ನಿಂತಿರಬಾರದು. "ಇಷ್ಟೂ ಬರಲ್ವಾ ನಿನಗೆ" ಎಂಬ ಒಂದು ಮಾತು ಸಾಕು, ಮುಂದೆ ಮಗು ಬರದಿದ್ದನ್ನೂ ಬರುತ್ತದೆ ಎಂದೇ ಹೇಳುತ್ತದೆ.

ಹಂತ 2: ಪುಕ್ಕಟೆ ಸಿಗುವುದನ್ನು ಮೊದಲು ಬಳಸಿ

ಶಾಲೆಯ ಮೇಷ್ಟ್ರನ್ನು ಹೋಗಿ ಕಾಣಿ. "ನಮ್ಮ ಹುಡುಗ ಹೇಗಿದಾನೆ" ಎಂದು ಕೇಳಿದರೆ "ಪರವಾಗಿಲ್ಲ, ಸ್ವಲ್ಪ ಓದಬೇಕು" ಎಂಬ ಉತ್ತರವೇ ಬರುವುದು. "ಭಿನ್ನರಾಶಿ ಬರುತ್ತಿಲ್ಲ, ಇದೋ ನೋಡಿ" ಎಂದು ಹಾಳೆ ತೋರಿಸಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಶಾಲೆಗಳಲ್ಲೇ ವಿಶೇಷ ತರಗತಿ ಇರುತ್ತವೆ, ಅವನ್ನು ತಪ್ಪಿಸಿ ಟ್ಯೂಷನ್‌ಗೆ ಕಳಿಸುವ ಮನೆಗಳೂ ಇವೆ! ಸರ್ಕಾರಿ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಹೊಂದುವ ವಿಡಿಯೊ, ಅಭ್ಯಾಸ ಸಿಗುತ್ತವೆ. ಹಳೆಯ ಮತ್ತು ಮಾದರಿ ಪ್ರಶ್ನೆಪತ್ರಿಕೆಗಳು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿವೆ. ಆನಗೋಡು, ಮಾಯಕೊಂಡ ಕಡೆಯವರು ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರಕ್ಕೆ ಒಮ್ಮೆ ಹೋಗಿ ನೋಡಿ.

ಹಾಗೆಯೇ ಕಣ್ಣು ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ ಮಗುವಿಗೆ ಟ್ಯೂಷನ್ ಹಾಕಿದವರನ್ನು ನಾನು ನೋಡಿದ್ದೇನೆ.

ಹಂತ 3: ಸರಿಯಾದ ಟ್ಯೂಷನ್ ಆರಿಸಿ

ಇಲ್ಲಿ ಫೀಸು ಕೇಳುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ಅಂಕಿಗಳನ್ನು ಉದಾಹರಣೆಗೆ ಹೇಳುತ್ತಿದ್ದೇನೆ, ನಿಮ್ಮವನ್ನು ನೀವು ಹಾಕಿಕೊಳ್ಳಿ.

ಮೊದಲನೇ ಕಡೆ ತಿಂಗಳಿಗೆ 1,000 ರೂಪಾಯಿ, ತಿಂಗಳಲ್ಲಿ 20 ಕ್ಲಾಸು, ಒಂದು ಗಂಟೆ, 30 ಮಕ್ಕಳು. ಮೇಷ್ಟ್ರ ಗಮನವನ್ನು ಸಮನಾಗಿ ಹಂಚಿದರೆ ನಿಮ್ಮ ಮಗುವಿಗೆ ದಿನಕ್ಕೆ 2 ನಿಮಿಷ, ತಿಂಗಳಿಗೆ 40 ನಿಮಿಷ. ಎರಡನೇ ಕಡೆ ತಿಂಗಳಿಗೆ 1,500 ರೂಪಾಯಿ, 12 ಕ್ಲಾಸು, ಒಂದು ಗಂಟೆ, 5 ಮಕ್ಕಳು. ದಿನಕ್ಕೆ 12 ನಿಮಿಷ, ತಿಂಗಳಿಗೆ 144 ನಿಮಿಷ. ಮೊದಲನೆಯದರಲ್ಲಿ ಗಮನದ ಒಂದು ನಿಮಿಷಕ್ಕೆ 25 ರೂಪಾಯಿ, ಎರಡನೆಯದರಲ್ಲಿ 10 ರೂಪಾಯಿ ಚಿಲ್ಲರೆ. ಅಗ್ಗದ್ದು ಯಾವುದು?

ಮಕ್ಕಳ ಸಂಖ್ಯೆ ಬಿಟ್ಟರೆ ಮುಖ್ಯವಾದದ್ದು ಎಷ್ಟು ಸಲ ಎಂಬುದು. ವಾರಕ್ಕೆ ಮೂರು ಸಲವಾದರೂ ಇರಲಿ. ಭಾನುವಾರ ಒಂದೇ ದಿನ ಮೂರು ಗಂಟೆ ಕೂರಿಸುವುದಕ್ಕಿಂತ ಮೂರು ದಿನ ಒಂದೊಂದು ಗಂಟೆ ಮೇಲು. ಆಮೇಲೆ, ಮಗುವಿನ ಮಟ್ಟದಿಂದ ಶುರು ಮಾಡುತ್ತಾರಾ ಎಂಬುದು. ನಮ್ಮ ದೇಶದಲ್ಲೇ ಇದಕ್ಕೆ ಒಳ್ಳೆ ಉದಾಹರಣೆ ಇದೆ. ಮುಂಬೈ ಮತ್ತು ವಡೋದರದಲ್ಲಿ 'ಪ್ರಥಮ್' ಸಂಸ್ಥೆ ಬಾಲಸಖಿ ಎಂಬ ಕಾರ್ಯಕ್ರಮ ನಡೆಸಿತ್ತು. ಮೂರು, ನಾಲ್ಕನೇ ಕ್ಲಾಸಿನಲ್ಲಿ ಹಿಂದುಳಿದ 15–20 ಮಕ್ಕಳನ್ನು ಅದೇ ಬಡಾವಣೆಯ ಯುವತಿಯೊಬ್ಬರು ಶಾಲೆಯಲ್ಲೇ ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಬುನಾದಿಯಿಂದ ಹೇಳಿಕೊಡುತ್ತಿದ್ದರು. ದೊಡ್ಡ ಡಿಗ್ರಿ ಇಲ್ಲ, ಸಂಬಳವೂ ಕಡಿಮೆ. ಆದರೂ ಮಕ್ಕಳ ಕಲಿಕೆ ಏರಿತು. 2007ರಲ್ಲಿ ಪ್ರಕಟವಾದ ಆ ಅಧ್ಯಯನ ನಡೆಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೋ ಇದ್ದರು. ಆಮೇಲೆ 2019ರಲ್ಲಿ ನೊಬೆಲ್ ಪಡೆದವರು ಅವರೇ. ಹಾಗಾಗಿ ನಿಟುವಳ್ಳಿಯ ನಿಮ್ಮ ಪಕ್ಕದ ಮನೆಯ ಬಿ.ಎಸ್ಸಿ. ಓದುವ ಹುಡುಗಿ ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತಿದ್ದರೆ ಬೋರ್ಡಿಲ್ಲ ಎಂದು ತಳ್ಳಿಹಾಕಬೇಡಿ.

ಸೇರಿಸುವ ಮೊದಲು ಹೋಗಿ ಕೇಳಬೇಕಾದ ಪ್ರಶ್ನೆಗಳು:

– ಒಂದು ಬ್ಯಾಚಿಗೆ ಎಷ್ಟು ಮಕ್ಕಳು? ಈಗ ಎಷ್ಟು ಅಂತ ಅಲ್ಲ, ಆಗಸ್ಟಿನಲ್ಲಿ ಎಷ್ಟಾಗುತ್ತಾರೆ?
– ಹಿಂದಿನ ಕ್ಲಾಸಿನದ್ದು ಬರದಿದ್ದರೆ ಏನು ಮಾಡುತ್ತೀರಿ?
– ಹೇಳಿಕೊಡುವವರು ನೀವೇನಾ, ಬೇರೆಯವರಾ?
– ಒಂದು ವಾರ ಸುಮ್ನೆ ಕೂತು ನೋಡಬಹುದಾ?

ಎರಡನೇ ಪ್ರಶ್ನೆಗೆ "ಅದೆಲ್ಲ ಕವರ್ ಮಾಡ್ತೀವಿ ಬಿಡಿ" ಎಂಬ ಉತ್ತರ ಬಂದರೆ ನಾನಾದರೆ ಎದ್ದು ಬರುತ್ತೇನೆ. "ಹಾಳೆ ತನ್ನಿ, ಎಲ್ಲಿ ತಪ್ಪಿದೆ ನೋಡೋಣ" ಎಂದರೆ ಅಲ್ಲಿಗೆ ಹಾಕಿ.

ಎಚ್ಚರಿಕೆ: ಹೋಂವರ್ಕ್ ಟ್ಯೂಷನ್ ಎಂಬುದೊಂದಿದೆ. ಸಂಜೆ ಮಕ್ಕಳನ್ನು ಕೂರಿಸಿಕೊಂಡು ಶಾಲೆಯ ಹೋಂವರ್ಕ್ ಮುಗಿಸಿ ಕಳಿಸುವುದು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅದು ಅನುಕೂಲ, ಬೇಡ ಎನ್ನುವುದಿಲ್ಲ. ಆದರೆ ಹೋಂವರ್ಕ್ ಮುಗಿಯಿತು ಎಂದರೆ ಕಲಿತರು ಎಂದಲ್ಲ. ಎಷ್ಟೋ ಕಡೆ ಬೋರ್ಡಿನಲ್ಲಿ ಬರೆದ ಉತ್ತರ ನೋಟ್‌ಬುಕ್ಕಿಗೆ ಇಳಿದಿರುತ್ತದೆ, ಅಷ್ಟೇ.

ಹಂತ 4: ದುಡ್ಡು ಕಟ್ಟುವ ಮುಂಚೆ ಕಾನೂನು

ಶಾಲೆಯ ಮೇಷ್ಟ್ರೇ ತಮ್ಮ ಕ್ಲಾಸಿನ ಮಕ್ಕಳನ್ನು ಮನೆ ಟ್ಯೂಷನ್‌ಗೆ ಕರೆದರೆ? ಶಿಕ್ಷಣ ಹಕ್ಕು ಕಾಯ್ದೆ, 2009ರ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವಂತಿಲ್ಲ. ಕಾರಣವೂ ಇದೆ. ನೇಪಾಳದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ತಮ್ಮ ವಿದ್ಯಾರ್ಥಿಗಳಿಗೇ ದುಡ್ಡಿಗೆ ಟ್ಯೂಷನ್ ಹೇಳುವ ಶಿಕ್ಷಕರು ಕ್ಲಾಸಿನಲ್ಲಿ ಕಡಿಮೆ ಪಾಠ ಮಾಡುವುದು ಕಂಡುಬಂದಿತ್ತು. ಟ್ಯೂಷನ್‌ಗೆ ಹೋಗಲಾರದ ಮಗುವಿಗೆ ಎರಡು ಕಡೆಯಿಂದಲೂ ಪೆಟ್ಟು.

ದೊಡ್ಡ ಕೋಚಿಂಗ್ ಸೆಂಟರ್‌ಗಳ ವಿಷಯ ಬೇರೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ರಾಜ್ಯಗಳಿಗೆ ಒಂದು ಮಾರ್ಗಸೂಚಿ ಕಳಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ಶಾಲೆಯ ವೇಳೆಯಲ್ಲಿ ಕ್ಲಾಸು ಬೇಡ, ದಿನಕ್ಕೆ 5 ಗಂಟೆ ಮೀರಬಾರದು, ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಫೀಸನ್ನು 10 ದಿನದೊಳಗೆ ವಾಪಸ್ ಕೊಡಬೇಕು ಎಂದೆಲ್ಲ ಅದರಲ್ಲಿದೆ. ಅದೇ ವರ್ಷ ನವೆಂಬರ್‌ನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತಿಗೆ ನಿಯಮ ತಂದಿತು. ಪಾಸಾದವರ ಫೋಟೊ ಹಾಕಲು ಅವರ ಒಪ್ಪಿಗೆ ಬೇಕು, ಅವರು ಯಾವ ಕೋರ್ಸ್ ತೆಗೆದುಕೊಂಡಿದ್ದರು ಎಂದೂ ಹೇಳಬೇಕು. ಫ್ಲೆಕ್ಸ್‌ನಲ್ಲಿ ನಗುತ್ತಿರುವ ರ‍್ಯಾಂಕ್ ವಿದ್ಯಾರ್ಥಿ ಅಲ್ಲಿ ಓದಿದ್ದು ಎರಡು ವರ್ಷವೋ, ಕೊನೆಯ ಹದಿನೈದು ದಿನದ ಟೆಸ್ಟ್ ಸೀರೀಸೋ ಎಂದು ಕೇಳುವ ಹಕ್ಕು ನಿಮಗಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ವರ್ಷದ ಫೀಸು ಒಂದೇ ಕಂತಿನಲ್ಲಿ ಕಟ್ಟಬೇಡಿ. "ಇವತ್ತೇ ಕಟ್ಟಿದ್ರೆ ಡಿಸ್ಕೌಂಟು" ಎಂದರೆ ಇನ್ನೂ ಕಟ್ಟಬೇಡಿ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಸೋದರಮಾವನ ಹಾಗೆ ಮಾತಾಡುವವರ ಹತ್ತಿರವೂ ರಸೀದಿ ಕೇಳಿ.

ಹಂತ 5: ಉಪಯೋಗ ಆಗುತ್ತಿದೆಯಾ, ಅಳೆದು ನೋಡಿ

ಇದನ್ನು ಮಾಡುವವರು ನೂರಕ್ಕೆ ಇಬ್ಬರಾದರೂ ಇದ್ದಾರೋ ಇಲ್ಲವೋ. ಟ್ಯೂಷನ್ ಶುರುವಾಗುವ ಹಿಂದಿನ ದಿನ, ಹಂತ 1ರಲ್ಲಿ ಸಿಕ್ಕ ಕೊರತೆಯ ಮೇಲೆ 20 ಪ್ರಶ್ನೆಗಳ ಎರಡು ಪತ್ರಿಕೆ ಮಾಡಿಕೊಳ್ಳಿ. ಹಳೆ ಪಠ್ಯಪುಸ್ತಕದ ಅಭ್ಯಾಸದಿಂದಲೇ ತೆಗೆಯಿರಿ. ಒಂದು ಅಭ್ಯಾಸದ ಸಮಸಂಖ್ಯೆಯ ಪ್ರಶ್ನೆ ಒಂದು ಪತ್ರಿಕೆಗೆ, ಬೆಸಸಂಖ್ಯೆಯದು ಇನ್ನೊಂದಕ್ಕೆ. ಕಷ್ಟ ಹೆಚ್ಚುಕಡಿಮೆ ಸಮ ಬೀಳುತ್ತದೆ. ಮೊದಲ ಪತ್ರಿಕೆ ಈಗ ಬರೆಸಿ. ಎರಡನೆಯದನ್ನು ಬೀರುವಿನಲ್ಲಿಡಿ. ಟ್ಯೂಷನ್ ಮೇಷ್ಟ್ರಿಗೂ ತೋರಿಸಬೇಡಿ. ಎಂಟು ವಾರ ಆದ ಮೇಲೆ ತೆಗೆದು ಬರೆಸಿ.

ಶಾಲೆಯ ಅಂಕವೇ ಇದೆಯಲ್ಲ, ಇದೆಲ್ಲ ಯಾಕೆ ಅಂತೀರಾ? ಶಾಲೆಯ ಅಂಕ ಮೂರು ಥರ ಮೋಸ ಮಾಡುತ್ತದೆ.

ಒಂದು, ಸಾಮಾನ್ಯವಾಗಿ ನಾವು ಟ್ಯೂಷನ್‌ಗೆ ಓಡುವುದು ತೀರಾ ಕೆಟ್ಟ ಅಂಕ ಬಂದಾಗ. ಅವತ್ತು ಜ್ವರ ಇತ್ತೋ, ಪತ್ರಿಕೆ ಕಷ್ಟ ಇತ್ತೋ. ಮುಂದಿನ ಸಲ ಏನೂ ಮಾಡದಿದ್ದರೂ ಅಂಕ ಸ್ವಲ್ಪ ಮೇಲೇಳುತ್ತದೆ. ಆ ಕೀರ್ತಿ ಟ್ಯೂಷನ್‌ಗೆ ಹೋಗುತ್ತದೆ. ಇದಕ್ಕೊಂದು ಉಪಾಯ: ಟ್ಯೂಷನ್ ಇಲ್ಲದ ಒಂದು ವಿಷಯದ ಅಂಕವನ್ನೂ ಪಕ್ಕದಲ್ಲೇ ಬರೆದಿಡಿ. ಗಣಿತಕ್ಕೆ ಟ್ಯೂಷನ್ ಇದೆ, ಸಮಾಜಕ್ಕೆ ಇಲ್ಲ. ಎರಡೂ ಒಂದೇ ಸಮ ಏರಿದ್ದರೆ ಏರಿಸಿದ್ದು ಬೇರೆ ಏನೋ.

ಎರಡು, ಎಫ್‌ಎ ಮತ್ತು ಎಸ್‌ಎ ಒಂದೇ ಅಳತೆಗೋಲಲ್ಲ. ಎಫ್‌ಎ ಎಂದರೆ ಆಗಾಗ ನಡೆಯುವ ಸಣ್ಣ ಪರೀಕ್ಷೆ, ಎಸ್‌ಎ ಎಂದರೆ ಅರ್ಧವಾರ್ಷಿಕ, ವಾರ್ಷಿಕ. ಸಣ್ಣದರಲ್ಲಿ ಬಂದದ್ದನ್ನು ದೊಡ್ಡದರ ಜೊತೆ ಹೋಲಿಸಬೇಡಿ. ಕಳೆದ ವರ್ಷದ ಎಸ್‌ಎ ಜೊತೆ ಈ ವರ್ಷದ ಎಸ್‌ಎ ಹೋಲಿಸಿ.

ಮೂರನೆಯದು ಉಲ್ಟಾ ಮೋಸ. ಕಲಿತಿದ್ದರೂ ಅಂಕದಲ್ಲಿ ಕಾಣದಿರುವುದು. ದೆಹಲಿಯಲ್ಲಿ 2015ರಲ್ಲಿ ಶಾಲೆ ಬಿಟ್ಟ ಮೇಲೆ ನಡೆಯುವ ಕಲಿಕಾ ಕೇಂದ್ರಗಳಿಗೆ ಲಾಟರಿ ಎತ್ತಿ ಮಕ್ಕಳನ್ನು ಸೇರಿಸಿ ಒಂದು ಪ್ರಯೋಗ ಮಾಡಿದ್ದರು. ವಾರಕ್ಕೆ ಆರು ದಿನ, ದಿನಕ್ಕೆ ಒಂದೂವರೆ ಗಂಟೆ. ಅರ್ಧ ಹೊತ್ತು ಮಗುವಿನ ಮಟ್ಟಕ್ಕೆ ತಕ್ಕ ಪ್ರಶ್ನೆ ಕೊಡುವ ಕಂಪ್ಯೂಟರ್, ಅರ್ಧ ಹೊತ್ತು ಸಣ್ಣ ಗುಂಪಿನ ಪಾಠ. ಆರನೇ ಕ್ಲಾಸಿನ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ವರ್ಷ ಹಿಂದಿದ್ದರು. ನಾಲ್ಕೂವರೆ ತಿಂಗಳಲ್ಲಿ ಕಲಿಕೆ ಚೆನ್ನಾಗಿಯೇ ಏರಿತು. ಆದರೆ ಗಣಿತದ ಶಾಲಾ ಪರೀಕ್ಷೆಯಲ್ಲಿ ಅದು ಎದ್ದು ಕಾಣಲಿಲ್ಲ. ನಾಲ್ಕನೇ ಕ್ಲಾಸಿನಿಂದ ಐದಕ್ಕೆ ಏರಿದ ಮಗುವಿಗೆ ಏಳನೇ ಕ್ಲಾಸಿನ ಪತ್ರಿಕೆ ಕೊಟ್ಟರೆ ಎಲ್ಲಿಂದ ಕಾಣಬೇಕು? ಬಹಳ ಹಿಂದಿರುವ ಮಗುವಿನ ವಿಷಯದಲ್ಲಿ ನಿಮ್ಮ ಬೀರುವಿನ ಪತ್ರಿಕೆಯೇ ಸತ್ಯ ಹೇಳುವುದು. ಅಲ್ಲಿ 20ಕ್ಕೆ 6 ಇದ್ದದ್ದು 13 ಆಗಿದ್ದರೆ ಮೇಷ್ಟ್ರನ್ನು ಬದಲಿಸಬೇಡಿ, ಶಾಲೆಯಲ್ಲಿ ಅಂಕ ಬರಲಿಲ್ಲ ಎಂದು ಮಗುವಿಗೂ ಬೈಯಬೇಡಿ.

ಎಚ್ಚರಿಕೆ: ಟ್ಯೂಷನ್‌ನವರೇ ನಡೆಸುವ ಟೆಸ್ಟಿನ ಅಂಕ ನೋಡಿ ಹಿಗ್ಗಬೇಡಿ. ಹಿಂದಿನ ವಾರ ಬೋರ್ಡಿನಲ್ಲಿ ಬಿಡಿಸಿದ್ದ ಲೆಕ್ಕವೇ ಪತ್ರಿಕೆಯಲ್ಲಿರುತ್ತದೆ.

ಹಂತ 6: ದಿನದ ಲೆಕ್ಕ

ಶಾಲೆ ಬಿಡುವುದು ನಾಲ್ಕೂವರೆ. ಹರಿಹರದಿಂದಲೋ ದೊಡ್ಡಬಾತಿಯಿಂದಲೋ ದಾವಣಗೆರೆಗೆ ಟ್ಯೂಷನ್‌ಗೆ ಬಂದು ಹೋಗುವ ಮಗು ಮನೆ ಸೇರುವುದು ಎಂಟೂವರೆಗೆ. ತಾನೇ ಕೂತು ಓದುವುದು ಯಾವಾಗ? ಟ್ಯೂಷನ್‌ನಲ್ಲಿ ಒಂದು ಗಂಟೆ ಕೇಳಿದ್ದಕ್ಕೆ ಮನೆಯಲ್ಲಿ ಅರ್ಧ ಗಂಟೆಯಾದರೂ ಒಬ್ಬರೇ ಮಾಡಿ ನೋಡಬೇಕು. ಆ ಅರ್ಧ ಗಂಟೆ ಸಿಗದಿದ್ದರೆ ಟ್ಯೂಷನ್ ಕಡಿಮೆ ಮಾಡಿ, ನಿದ್ದೆ ಕಡಿಮೆ ಮಾಡಬೇಡಿ. ಎಲ್ಲ ವಿಷಯಕ್ಕೂ ಟ್ಯೂಷನ್ ಹಾಕುವವರಿಗೆ ನನ್ನದೊಂದು ಪ್ರಶ್ನೆ: ಹಾಗಾದರೆ ಬೆಳಿಗ್ಗೆ ಶಾಲೆಗೆ ಯಾಕೆ ಕಳಿಸುತ್ತೀರಿ?

ಹಂತ 7: ಬಿಡಿಸುವುದು

ಎಂಟು ವಾರದ ಪತ್ರಿಕೆಯಲ್ಲಿ ಏನೂ ಬದಲಾವಣೆ ಇಲ್ಲದಿದ್ದರೆ ಹಾಳೆ ಹಿಡಿದು ಟ್ಯೂಷನ್ ಮೇಷ್ಟ್ರ ಹತ್ತಿರ ಹೋಗಿ. ಜಗಳಕ್ಕಲ್ಲ, ಕೇಳುವುದಕ್ಕೆ. ಇನ್ನು ನಾಲ್ಕು ವಾರ ಕೊಡಿ. ಆಗಲೂ ಇಲ್ಲವೆಂದರೆ ಬಿಡಿಸಿ. "ಇಷ್ಟು ದುಡ್ಡು ಕಟ್ಟಿದ್ದೀವಲ್ಲ" ಎಂಬ ಕಾರಣಕ್ಕೆ ಮುಂದುವರಿಸಬೇಡಿ, ಆ ದುಡ್ಡು ಹೋಗಿ ಆಯಿತು.

ಚೆನ್ನಾಗಿ ಆಗಿದ್ದರೂ ಬಿಡಿಸುವುದನ್ನು ಯೋಚಿಸಿ. ಗುಂಡಿ ತುಂಬಿದ ಮೇಲೂ ಅಭ್ಯಾಸಬಲದಿಂದ ಹೋಗುತ್ತಲೇ ಇರುವ ಮಕ್ಕಳು, ಮೇಷ್ಟ್ರು ಪಕ್ಕದಲ್ಲಿ ಇಲ್ಲದಿದ್ದರೆ ಲೆಕ್ಕಕ್ಕೆ ಕೈ ಹಾಕುವುದನ್ನೇ ಬಿಡುತ್ತಾರೆ. ಅಂಥವರನ್ನು ಎಸ್ಸೆಸ್ಸೆಲ್ಸಿ ಹಾಲ್‌ನಲ್ಲಿ ನೋಡಿದ್ದೇನೆ. ಮೊದಲ ಪ್ರಶ್ನೆ ಸ್ವಲ್ಪ ತಿರುಚಿ ಕೇಳಿದ್ದರೆ ಪೆನ್ನು ಕಚ್ಚಿಕೊಂಡು ಕೂರುತ್ತಾರೆ.

ಒಮ್ಮೆಲೇ ನಿಲ್ಲಿಸಬೇಡಿ. ಮೂರು ದಿನದಿಂದ ಎರಡು, ಎರಡರಿಂದ ಒಂದು. ಪೂರ್ತಿ ನಿಂತ ಮೇಲೆ ಮೊದಲ ತಿಂಗಳು ಟ್ಯೂಷನ್‌ನ ಆ ಹೊತ್ತನ್ನು ಹಾಗೇ ಉಳಿಸಿ. ಐದೂವರೆಗೆ ಹೋಗುತ್ತಿದ್ದರೆ ಐದೂವರೆಗೇ ಮನೆಯ ಮೇಜಿಗೆ ಕೂರಲಿ. ನೀವು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಲೋ ಪೇಪರ್ ಓದುತ್ತಲೋ ಇರಿ. ಟಿ.ವಿ. ಮಾತ್ರ ಆರಿರಲಿ.